ಕಡತದ ಮೇಲಿನ ತಾರೀಖು: ಒಂದು ಎಣಿಕೆಯ ಚರಿತ್ರೆ

ಕಂಪ್ಯೂಟರನ್ನೋ ಮೊಬೈಲ್ ಫೋನನ್ನೋ ಬಳಸುವ ವಿದ್ಯಾರ್ಥಿಗಳು ಒಂದು ವಿಚಿತ್ರವನ್ನು ಒಮ್ಮೆಯಾದರೂ ಕಂಡಿರಬಹುದು. ಮೊನ್ನೆ ತಾನೇ ತೆಗೆದ ಛಾಯಾಚಿತ್ರದ ಅಥವಾ ನಿನ್ನೆ ಬರೆದಿಟ್ಟ ಕಡತದ ಪಕ್ಕದಲ್ಲಿ ‘1970 ಜನವರಿ 1, ಬೆಳಗ್ಗೆ 5 ಗಂಟೆ 30 ನಿಮಿಷ’ ಎಂಬ ತಾರೀಖು ಕಾಣಿಸಿಕೊಳ್ಳುತ್ತದೆ. ಆ ದಿನ ಆ ಫೋನು ತಯಾರಾಗಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದಿರುವ ವಿದ್ಯಾರ್ಥಿಯೂ ಹುಟ್ಟಿರಲಿಲ್ಲ. ಹಳೆಯ ಡಾಸ್ ಯಂತ್ರಗಳನ್ನು ಬಳಸಿದವರಿಗೆ ಇನ್ನೊಂದು ತಾರೀಖು ಚಿರಪರಿಚಿತ: 1980 ಜನವರಿ 1. ಯಂತ್ರದೊಳಗಿನ ಗಡಿಯಾರದ ಬ್ಯಾಟರಿ ಮುಗಿದರೆ, ಹೊಸ ಕಡತಗಳೆಲ್ಲವೂ ಆ ದಿನವೇ ಹುಟ್ಟಿದವೆಂದು ಅದು ಬರೆದುಕೊಳ್ಳುತ್ತಿತ್ತು.

ಯಂತ್ರ ಕೆಟ್ಟಿದೆ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಕೆಟ್ಟ ಯಂತ್ರ ಮನಸ್ಸಿಗೆ ಬಂದ ತಾರೀಖನ್ನು ತೋರಿಸದೆ, ಪ್ರತಿ ಸಲವೂ ಇವೇ ದಿನಗಳನ್ನು ಏಕೆ ತೋರಿಸಬೇಕು? ಬೆಳಗಿನ ಐದೂವರೆ ಗಂಟೆಯೇ ಏಕೆ? ಈ ಸಣ್ಣ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಕಂಪ್ಯೂಟರಿನ ಐವತ್ತು ವರ್ಷಗಳ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೇ ತೆರೆದುಕೊಳ್ಳುತ್ತದೆ.

ತಾರೀಖಿನ ಅಗತ್ಯ

ಕಡತದ ತಾರೀಖು ಅಲಂಕಾರಕ್ಕೆಂದು ಬರೆದದ್ದಲ್ಲ. ಎರಡು ಪ್ರತಿಗಳಲ್ಲಿ ಹೊಸದು ಯಾವುದು, ಯಾವ ಬರಹ ಮೊದಲು, ಯಾವುದು ಆಮೇಲೆ ಎಂಬುದನ್ನು ತೀರ್ಮಾನಿಸುವುದು ಅದೇ. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ನೂರಾರು ಕಡತಗಳಿಂದ ಕೂಡಿದ ಒಂದು ದೊಡ್ಡ ಪ್ರೋಗ್ರಾಮಿನಲ್ಲಿ ಯಾವ ಭಾಗ ಬದಲಾಗಿದೆಯೋ ಅದನ್ನಷ್ಟೇ ಮತ್ತೆ ಸಿದ್ಧಪಡಿಸುವುದು ಅದರ ಕೆಲಸ. ಬದಲಾಗಿದೆ ಎಂಬುದು ಅದಕ್ಕೆ ತಿಳಿಯುವುದು ತಾರೀಖುಗಳ ಹೋಲಿಕೆಯಿಂದ. ತಾರೀಖು ತಪ್ಪಿದರೆ ಹೊಸದು ಹಳೆಯದಾಗುತ್ತದೆ, ಹಳೆಯದು ಹೊಸದಾಗುತ್ತದೆ. ಕಚೇರಿಯ ದಾಖಲೆಗೂ ನ್ಯಾಯಾಲಯದ ಸಾಕ್ಷ್ಯಕ್ಕೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಎಣಿಕೆಗೊಂದು ಆರಂಭ

ಕಂಪ್ಯೂಟರಿನ ನೆನಪಿನಲ್ಲಿ ‘ನವೆಂಬರ್’ ಎಂಬ ಹೆಸರಾಗಲಿ ‘ಗುರುವಾರ’ ಎಂಬ ಹೆಸರಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿರುವುದು ಒಂದು ಸಂಖ್ಯೆ. ಯಾವುದೋ ಒಂದು ಆರಂಭದ ಕ್ಷಣವನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಕಾಲ ಕಳೆಯಿತು ಎಂದು ಎಣಿಸಿದ ಲೆಕ್ಕ ಅದು.

ಈ ವಿಧಾನ ನಮಗೆ ಹೊಸದಲ್ಲ. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿ ಒಂದೇ ವರ್ಷವನ್ನು ಎರಡು ಬಗೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧದಿಂದ 3735 ವರ್ಷ, ಶಕ ರಾಜರ ಕಾಲದಿಂದ 556 ವರ್ಷ. ಇವೆರಡರ ಅಂತರ 3179. ಕಲಿಯ ಎಣಿಕೆಗೂ ಶಕದ ಎಣಿಕೆಗೂ ನಡುವೆ ಪಂಚಾಂಗಕರ್ತರು ಬಳಸುವ ಅಂತರವೂ ಇದೇ. ಈ ಅಂತರ ತಿಳಿದಿದ್ದರೆ ಒಂದು ಲೆಕ್ಕದಿಂದ ಇನ್ನೊಂದಕ್ಕೆ ಹೋಗುವುದು ಬರೀ ಕೂಡುವ ಕಳೆಯುವ ಕೆಲಸ. ಶಕ 556ಕ್ಕೆ 78 ಕೂಡಿಸಿದರೆ ಕ್ರಿ.ಶ. 634 ದೊರೆಯುತ್ತದೆ.

ನಮ್ಮ ಜ್ಯೋತಿರ್ಗಣಿತದಲ್ಲಿ ದಿನಗಳ ಇಂಥ ಎಣಿಕೆಗೆ ‘ಅಹರ್ಗಣ’ ಎಂದು ಹೆಸರು. ಕಲಿಯುಗದ ಆರಂಭದಿಂದ ಎಣಿಸಿದರೆ ಸಂಖ್ಯೆ ಲಕ್ಷಗಳಿಗೆ ಏರುತ್ತದೆ, ಗುಣಾಕಾರ ಭಾಗಾಕಾರಗಳು ಕಷ್ಟವಾಗುತ್ತವೆ. ಆದ್ದರಿಂದ ಕರಣ ಗ್ರಂಥಗಳನ್ನು ಬರೆದವರು ತಮಗೆ ಹತ್ತಿರದ ವರ್ಷವೊಂದನ್ನು ಆರಂಭವಾಗಿ ಇಟ್ಟುಕೊಂಡರು. ಭಾಸ್ಕರಾಚಾರ್ಯರ ‘ಕರಣಕುತೂಹಲ’ದ ಎಣಿಕೆ ಕ್ರಿ.ಶ. 1183ರಿಂದ ಮೊದಲಾಗುತ್ತದೆ. ಹತ್ತಿರದ ಆರಂಭವಿದ್ದರೆ ಸಂಖ್ಯೆ ಚಿಕ್ಕದು, ಲೆಕ್ಕ ಸುಲಭ. ಸುಮಾರು ಎಂಟು ಶತಮಾನಗಳ ಬಳಿಕ ಕಂಪ್ಯೂಟರ್ ತಜ್ಞರು ಹಿಡಿದ ದಾರಿಯೂ ಇದೇ.

ಬೆಲ್ ಪ್ರಯೋಗಾಲಯದ ಗಡಿಯಾರ

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕೆಲಸವನ್ನು ಆರಂಭಿಸಿದರು. ಅದರ ಮೊದಲ ಕೈಪಿಡಿ 1971ರ ನವೆಂಬರಿನಲ್ಲಿ ಹೊರಬಂತು. ಅದರ ಪ್ರಕಾರ ಕಾಲದ ಎಣಿಕೆ 1971 ಜನವರಿ 1ರಿಂದ ಆರಂಭ. ಎಣಿಸುವ ಮಾನ ಸೆಕೆಂಡಿನ ಅರವತ್ತನೆಯ ಒಂದು ಭಾಗ. ಅಮೆರಿಕದ ವಿದ್ಯುತ್ ಸೆಕೆಂಡಿಗೆ 60 ಆವರ್ತನದ್ದಾದ್ದರಿಂದ ಈ ಮಾನ ಅವರಿಗೆ ಸಹಜವಾಗಿಯೇ ಒದಗಿತ್ತು.

ಆದರೆ ಇದರಲ್ಲೊಂದು ತೊಡಕು. ಈ ಎಣಿಕೆಗೆ ಮೀಸಲಿಟ್ಟ ಜಾಗ 32 ಬಿಟ್. ಅದರಲ್ಲಿ ಹಿಡಿಸುವ ಬೇರೆ ಬೇರೆ ಸಂಖ್ಯೆಗಳು ಸುಮಾರು 429 ಕೋಟಿ. ಕೇಳಲು ಇದು ಬಹಳ ದೊಡ್ಡದು. ಆದರೆ ಸೆಕೆಂಡಿಗೆ 60ರಂತೆ ಎಣಿಸುತ್ತ ಹೋದರೆ ಎರಡೂಕಾಲು ವರ್ಷದಲ್ಲಿ ಮುಗಿದುಹೋಗುತ್ತದೆ! ಈ ಕೊರತೆಯನ್ನು ಆ ಕೈಪಿಡಿಯೇ ಒಪ್ಪಿಕೊಂಡಿತ್ತು. ಆರಂಭದ ದಿನವನ್ನು ಮುಂದಕ್ಕೆ ಸರಿಸಿ ಸ್ವಲ್ಪ ಕಾಲ ತಳ್ಳಿದರೂ ಅದು ಶಾಶ್ವತ ಪರಿಹಾರವಾಗುವಂತಿರಲಿಲ್ಲ.

1973ರ ನವೆಂಬರಿನ ನಾಲ್ಕನೆಯ ಆವೃತ್ತಿಯ ಕೈಪಿಡಿಯಲ್ಲಿ ಹೊಸ ಏರ್ಪಾಟು ಕಾಣುತ್ತದೆ. ಮಾನ ಇಡೀ ಸೆಕೆಂಡು. ಆರಂಭ 1970 ಜನವರಿ 1, ಗ್ರೀನಿಚ್ ಸಮಯದ ನಡುರಾತ್ರಿ. ಇದರ ಹಿಂದೆ ಯಾವ ಖಗೋಳ ಘಟನೆಯೂ ಇಲ್ಲ. ಇದು ಕೇವಲ ಅನುಕೂಲಕ್ಕೆಂದು ಆರಿಸಿಕೊಂಡ ದಿನ. ಯೂನಿಕ್ಸಿನ ತಿರುಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆದದ್ದೂ 1973ರಲ್ಲಿಯೇ. ಹೀಗಾಗಿ ಸಿ ಭಾಷೆ ಹೋದಲ್ಲೆಲ್ಲ ಈ ಆರಂಭವೂ ಹೋಯಿತು. ಇಂದಿನ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಇದೇ ಎಣಿಕೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ತಾರೀಖು ಗೊತ್ತಿಲ್ಲದ ಯಂತ್ರದಲ್ಲಿ ಎಣಿಕೆ ಸೊನ್ನೆ. ಸೊನ್ನೆ ಎಂದರೆ 1970 ಜನವರಿ 1, ಗ್ರೀನಿಚ್ ನಡುರಾತ್ರಿ. ಭಾರತದ ಅಧಿಕೃತ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ಆದ್ದರಿಂದ ಲಂಡನ್ನಿನವರಿಗೆ ನಡುರಾತ್ರಿಯ ಆಸುಪಾಸು ಕಾಣುವ ಸೊನ್ನೆ ನಮಗೆ ಬೆಳಗಿನ 5 ಗಂಟೆ 30 ನಿಮಿಷವಾಗಿ ಕಾಣುತ್ತದೆ.

ಎಣಿಕೆಯಿಂದ ತಾರೀಖಿಗೆ

ಸಂಖ್ಯೆಯನ್ನು ತಾರೀಖಾಗಿ ಪರಿವರ್ತಿಸುವುದು ಹೇಗೆ? ನಮಗೆಲ್ಲ ಪರಿಚಿತವಾದ ಒಂದು ದಿನವನ್ನೇ ತೆಗೆದುಕೊಳ್ಳೋಣ. ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆದದ್ದು 1973 ನವೆಂಬರ್ 1ರಂದು. ಯೂನಿಕ್ಸಿನ ನಾಲ್ಕನೆಯ ಆವೃತ್ತಿಯ ಕೈಪಿಡಿಯ ತಿಂಗಳೂ ಅದೇ.

1970 ಮತ್ತು 1971ಕ್ಕೆ ತಲಾ 365 ದಿನ, ಅಧಿಕ ವರ್ಷವಾದ 1972ಕ್ಕೆ 366 ದಿನ, ಒಟ್ಟು 1096. 1973ರ ಜನವರಿಯಿಂದ ಅಕ್ಟೋಬರ್ ಕೊನೆಯವರೆಗೆ 304 ದಿನ. ಕೂಡಿಸಿದರೆ ಸರಿಯಾಗಿ 1400 ದಿನ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 12,09,60,000. ಇದು ಆ ದಿನದ ಗ್ರೀನಿಚ್ ನಡುರಾತ್ರಿಯ ಎಣಿಕೆ. 1400ನ್ನು 7ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. 1970 ಜನವರಿ 1 ಗುರುವಾರವಾಗಿತ್ತು. ಆದ್ದರಿಂದ 1973 ನವೆಂಬರ್ 1 ಕೂಡ ಗುರುವಾರ. ಕಂಪ್ಯೂಟರು ವಾರವನ್ನು ಕಂಡುಹಿಡಿಯುವುದು ಹೀಗೆಯೇ.

ಆದರೆ ಬೆಂಗಳೂರಿನಲ್ಲಿ ನವೆಂಬರ್ 1 ಹುಟ್ಟಿದ್ದು ಐದೂವರೆ ಗಂಟೆ ಮೊದಲು. ಅಂದರೆ 19,800 ಸೆಕೆಂಡುಗಳನ್ನು ಕಳೆಯಬೇಕು. ಆಗ ಬರುವ ಎಣಿಕೆ 12,09,40,200. ಈ ಸಂಖ್ಯೆಯನ್ನು ಗ್ರೀನಿಚ್ ಸಮಯಕ್ಕೆ ಹೊಂದಿಸಿದ ಕಂಪ್ಯೂಟರಿಗೆ ಕೊಟ್ಟರೆ ಅದು ‘ಅಕ್ಟೋಬರ್ 31, ಸಂಜೆ 6 ಗಂಟೆ 30 ನಿಮಿಷ’ ಎಂದು ತೋರಿಸುತ್ತದೆ. ಎಣಿಕೆ ಸರಿ, ಕ್ಷಣ ಒಂದೇ; ಆದರೂ ದಿನ ಬೇರೆ, ತಿಂಗಳೂ ಬೇರೆ. ಸ್ಥಳವನ್ನು ಮರೆತರೆ ರಾಜ್ಯೋತ್ಸವವೇ ಅಕ್ಟೋಬರಿಗೆ ಸರಿದುಹೋಗುತ್ತದೆ.

ಸಿ ಭಾಷೆಯಲ್ಲಿ ಈ ಕೆಲಸಕ್ಕೆಂದೇ ಸಿದ್ಧ ಫಂಕ್ಷನ್‌ಗಳಿವೆ. ಎಣಿಕೆಯನ್ನು ಗ್ರೀನಿಚ್ ತಾರೀಖಾಗಿ ಬಿಡಿಸುವುದು ‘ಜಿಎಂಟೈಮ್’; ನಾವಿರುವ ಊರಿನ ತಾರೀಖಾಗಿ ಬಿಡಿಸುವುದು ‘ಲೋಕಲ್‌ಟೈಮ್’. ಬಿಡಿಸಿದ ವರ್ಷ, ತಿಂಗಳು, ದಿನಗಳನ್ನು ನಮಗೆ ಬೇಕಾದ ರೂಪದಲ್ಲಿ ಜೋಡಿಸಿ ಬರೆಯಲು 1989ರ ಅಮೆರಿಕನ್ ಮಾನಕದಲ್ಲಿ ‘ಸ್ಟ್ರ್‌ಎಫ್‌ಟೈಮ್’ ಎಂಬ ಫಂಕ್ಷನ್ ಸೇರಿತು. ಬಿಡಿಸುವುದು ಒಂದು ಹಂತ, ಬರೆಯುವುದು ಇನ್ನೊಂದು ಹಂತ. ಹೊಸದಾಗಿ ಪ್ರೋಗ್ರಾಮ್ ಬರೆಯುವವರ ತಪ್ಪುಗಳಲ್ಲಿ ಹೆಚ್ಚಿನವು ಇವೆರಡನ್ನೂ ಬೆರೆಸುವುದರಿಂದ ಹುಟ್ಟುತ್ತವೆ.

ಇನ್ನೊಂದು ಎಚ್ಚರಿಕೆ. ಸಿ ಭಾಷೆ ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತದೆ; ಅದಕ್ಕೆ ನವೆಂಬರ್ ಎಂದರೆ 10. ಆದರೆ ದಿನಗಳನ್ನು ಒಂದರಿಂದ ಎಣಿಸುತ್ತದೆ. ಶಾಸನಗಳ ಶಕವರ್ಷ ‘ಗತ’ವೋ ‘ವರ್ತಮಾನ’ವೋ ಎಂದು ಇತಿಹಾಸಕಾರರು ವಿಚಾರಿಸಬೇಕಾದಂತೆ, ಇಲ್ಲಿಯೂ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂದು ಕೇಳಿಕೊಳ್ಳಲೇಬೇಕು.

ಡಾಸ್ ಹಿಡಿದ ಬೇರೆ ದಾರಿ

1980ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರುಗಳ ಜೊತೆಗೆ ಬಂದ ಡಾಸ್ ಎಣಿಕೆಯ ದಾರಿಯನ್ನು ಬಿಟ್ಟು, ತಾರೀಖನ್ನು ತುಂಡು ತುಂಡಾಗಿ ಬರೆದಿಟ್ಟಿತು. ತಾರೀಖಿಗೆ 16 ಬಿಟ್: ಅದರಲ್ಲಿ ವರ್ಷಕ್ಕೆ 7, ತಿಂಗಳಿಗೆ 4, ದಿನಕ್ಕೆ 5. ಏಳು ಬಿಟ್‌ಗಳಲ್ಲಿ 0ಯಿಂದ 127ರವರೆಗೆ ಬರೆಯಬಹುದು. ಅದನ್ನು 1980ಕ್ಕೆ ಕೂಡಿಸಿದರೆ ವರ್ಷ ಸಿಗುತ್ತದೆ. ಬ್ಯಾಟರಿ ಮುಗಿದ ಯಂತ್ರ 1980ನ್ನು ತೋರಿಸುತ್ತಿದ್ದುದು ಇದರಿಂದಲೇ.

ವೇಳೆಗೂ 16 ಬಿಟ್. ಗಂಟೆಗೆ 5, ನಿಮಿಷಕ್ಕೆ 6 ಬಿಟ್ ಕೊಟ್ಟ ಮೇಲೆ ಸೆಕೆಂಡಿಗೆ ಉಳಿದದ್ದು 5. ಐದು ಬಿಟ್‌ಗಳಲ್ಲಿ 32 ಸಂಖ್ಯೆಗಳಷ್ಟೇ ಹಿಡಿಸುತ್ತವೆ, ಬೇಕಾದದ್ದು 60. ಹೀಗಾಗಿ ಸೆಕೆಂಡನ್ನು ಎರಡರಿಂದ ಭಾಗಿಸಿ ಬರೆದರು. ಡಾಸ್ ಕಡತದ ವೇಳೆಯಲ್ಲಿ ಸೆಕೆಂಡು ಯಾವಾಗಲೂ ಸಮಸಂಖ್ಯೆ! ಒಂದು ಬಿಟ್ಟಿನ ಅಭಾವಕ್ಕೆ ಅರ್ಧದಷ್ಟು ಸೆಕೆಂಡುಗಳು ಬಲಿಯಾದವು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಯಾವ ಊರಿನ ಸಮಯ ಎಂಬುದನ್ನು ಡಾಸ್ ಬರೆದಿಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಸಂಜೆ 4 ಗಂಟೆಗೆ ಬರೆದ ಫ್ಲಾಪಿಯನ್ನು ಲಂಡನ್ನಿಗೆ ಒಯ್ದರೆ ಅಲ್ಲಿಯೂ ಸಂಜೆ 4 ಗಂಟೆ ಎಂದೇ ಕಾಣುತ್ತಿತ್ತು. ಬೆಂಗಳೂರಿನ ಕಡತ ಮೊದಲಿನದೋ ಲಂಡನ್ನಿನ ಕಡತ ಮೊದಲಿನದೋ ಎಂದು ತಿಳಿಯಲು ಆ ಕಡತದಲ್ಲೇ ದಾರಿಯಿರಲಿಲ್ಲ.

1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಮತ್ತೆ ಎಣಿಕೆಯ ದಾರಿಗೆ ಮರಳಿತು. ಅದರ ಆರಂಭ 1601 ಜನವರಿ 1. ಮಾನ ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಭಾಗ. ಜಾಗ 64 ಬಿಟ್. 1601 ಏಕೆ? 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಪಂಚಾಂಗದಲ್ಲಿ ಅಧಿಕ ವರ್ಷಗಳ ಕ್ರಮ 400 ವರ್ಷಗಳಿಗೊಮ್ಮೆ ಪುನರಾವರ್ತನೆಯಾಗುತ್ತದೆ. ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ, ನೂರರಿಂದ ಭಾಗವಾದರೆ ಅಲ್ಲ, ನಾನೂರರಿಂದ ಭಾಗವಾದರೆ ಮತ್ತೆ ಅಧಿಕ. 1601ರಿಂದ 2000ದವರೆಗೆ ಇಂಥ ಒಂದು ಪೂರ್ಣ ಚಕ್ರ. ಚಕ್ರದ ಮೊದಲಲ್ಲಿ ನಿಂತು ಎಣಿಸಿದರೆ ಲೆಕ್ಕ ಸರಳವಾಗುತ್ತದೆ. ಯೂನಿಕ್ಸ್ ಎಣಿಕೆಗೂ ಇದಕ್ಕೂ ಅಂತರ 1164,44,73,600 ಸೆಕೆಂಡು. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಕಡತ ಸಾಗಿಸುವಾಗ ಪ್ರೋಗ್ರಾಮುಗಳು ಮಾನವನ್ನು ಸರಿಹೊಂದಿಸಿಕೊಂಡು ಈ ಅಂತರವನ್ನು ಕೂಡುತ್ತವೆ ಅಥವಾ ಕಳೆಯುತ್ತವೆ. ಇದು ಅವುಗಳ 3179.

ಎರಡು ಅಂಕಿಯ ಉಳಿತಾಯ

ತಾರೀಖನ್ನು ಬರೆಯುವ ರೂಪದ ವಿಷಯದಲ್ಲಿ ನಡೆದ ಅತಿ ದೊಡ್ಡ ತಪ್ಪು ಜಗತ್ತಿಗೆಲ್ಲ ಗೊತ್ತಿರುವ ‘ವೈ2ಕೆ’ ಸಮಸ್ಯೆ. 1960ರ ದಶಕದಲ್ಲಿ ಮಾಹಿತಿಯನ್ನು ರಂಧ್ರಪತ್ರಗಳ ಮೇಲೆ ಬರೆಯುತ್ತಿದ್ದರು. ಒಂದು ಪತ್ರದಲ್ಲಿ 80 ಅಕ್ಷರಗಳಿಗಷ್ಟೇ ಸ್ಥಳ. ಕಂಪ್ಯೂಟರಿನ ನೆನಪೂ ಬಲು ದುಬಾರಿ. ಆದ್ದರಿಂದ ಕೋಬಾಲ್ ಭಾಷೆಯಲ್ಲಿ ಬ್ಯಾಂಕು, ವಿಮೆ, ಸಂಬಳಗಳ ಲೆಕ್ಕ ಬರೆದವರು 1965ನ್ನು 65 ಎಂದು ಬರೆದರು. ಅವರು ಮೂರ್ಖರಾಗಿರಲಿಲ್ಲ, ಅಂದಿನ ಮಿತಿಯಲ್ಲಿ ಅದು ಜಾಣತನವೇ. ತಮ್ಮ ಪ್ರೋಗ್ರಾಮುಗಳು ಮೂವತ್ತು ವರ್ಷ ಬಾಳುತ್ತವೆಂದು ಅವರು ಎಣಿಸಿರಲಿಲ್ಲ, ಅಷ್ಟೆ. 1971ರಲ್ಲಿಯೇ ಬಾಬ್ ಬೆಮರ್ ಎಂಬ ತಜ್ಞರು ಲೇಖನ ಬರೆದು ಎಚ್ಚರಿಸಿದ್ದರೂ ಕಿವಿಗೊಟ್ಟವರು ಕಡಿಮೆ.

ಎರಡಂಕಿಯ ಲೆಕ್ಕದಲ್ಲಿ 2000 ಎಂದರೆ 00. ಅದು 99ಕ್ಕಿಂತ ಚಿಕ್ಕದು! ಕೋಟ್ಯಂತರ ಸಾಲುಗಳ ಹಳೆಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ಓದಿ ತಿದ್ದಬೇಕಾಯಿತು. 1990ರ ದಶಕದ ಕೊನೆಯಲ್ಲಿ ಈ ಕೆಲಸದ ಒಂದು ಪಾಲು ಭಾರತಕ್ಕೆ, ಅದರಲ್ಲೂ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಬಂತು. ನಮ್ಮ ಅನೇಕ ಯುವ ಇಂಜಿನಿಯರುಗಳು ಕೋಬಾಲನ್ನು ಕಲಿತದ್ದು, ವಿದೇಶಿ ಬ್ಯಾಂಕುಗಳ ವಿಶ್ವಾಸ ಗಳಿಸಿದ್ದು ಈ ತಾರೀಖುಗಳನ್ನು ತಿದ್ದುವ ಮೂಲಕ.

ಸಿ ಭಾಷೆಯೂ ಇದರಿಂದ ಪೂರ್ತಿ ಪಾರಾಗಿರಲಿಲ್ಲ. ಅದು ವರ್ಷವನ್ನು 1900ರಿಂದ ಕಳೆದ ವರ್ಷಗಳಾಗಿ ಇಡುತ್ತದೆ: 1973 ಎಂದರೆ 73, 2000 ಎಂದರೆ 100. ಲೆಕ್ಕವಾಗಿ ಇದು ಸರಿಯೇ. ಆದರೆ 1900ನ್ನು ಕೂಡಿಸುವ ಬದಲು ‘19’ ಎಂಬ ಅಂಕಿಗಳನ್ನು ಮುಂದೆ ಅಂಟಿಸಿದ ಪ್ರೋಗ್ರಾಮುಗಳು 2000 ಜನವರಿ 1ರಂದು ‘19100’ ಎಂಬ ವರ್ಷವನ್ನು ತೋರಿಸಿದವು. ಅಮೆರಿಕದ ಅಧಿಕೃತ ಸಮಯವನ್ನು ಕಾಯುವ ನೌಕಾ ವೀಕ್ಷಣಾಲಯದ ಅಂತರಜಾಲ ಪುಟದಲ್ಲಿಯೇ ಅಂದು ಈ ವರ್ಷ ಕಾಣಿಸಿಕೊಂಡಿತು.

ಇದು ನಗುವ ಸಂಗತಿ. ಆದರೆ ಎಲ್ಲವೂ ನಗುವಿನಲ್ಲಿ ಮುಗಿಯಲಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಗರ್ಭಿಣಿಯರ ರಕ್ತಪರೀಕ್ಷೆಯ ಫಲಿತಾಂಶ ಲೆಕ್ಕ ಹಾಕುತ್ತಿದ್ದ ಕಂಪ್ಯೂಟರೊಂದು 2000ನೆಯ ವರ್ಷ ಬಂದಾಗ ತಾಯಂದಿರ ವಯಸ್ಸನ್ನು ತಪ್ಪಾಗಿ ಎಣಿಸಿತು. ಮಗುವಿಗೆ ಡೌನ್ಸ್ ಸಿಂಡ್ರೋಮ್ ಇರಬಹುದಾದ ಸಂಭವವನ್ನು ತಾಯಿಯ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಹೀಗಾಗಿ 150ಕ್ಕೂ ಹೆಚ್ಚು ಮಹಿಳೆಯರ ಕೈಗೆ ತಪ್ಪು ವರದಿ ಸೇರಿತು. ಅವರು ತಮ್ಮ ಬದುಕಿನ ಅತಿ ಕಠಿಣವಾದ ನಿರ್ಧಾರಕ್ಕೆ ಆಧಾರವಾಗಿ ನಂಬಿದ್ದು ಒಂದು ತಪ್ಪು ಕಳೆಯುವ ಲೆಕ್ಕವನ್ನು. ತಾರೀಖಿನ ಲೆಕ್ಕವನ್ನು ಹಗುರವಾಗಿ ಕಾಣಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬರೆಯುವ ಬಗೆ

01-11-73 ಎಂದು ಬರೆದರೆ ನಮಗೆ ಅದು ನವೆಂಬರ್ 1. ಅಮೆರಿಕದವರಿಗೆ ಜನವರಿ 11. ಈ ಗೊಂದಲವನ್ನು ನೀಗಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1988ರಲ್ಲಿ 8601ನೆಯ ಸಂಖ್ಯೆಯ ಮಾನಕವನ್ನು ಪ್ರಕಟಿಸಿತು. ಅದರಂತೆ ಮೊದಲು ನಾಲ್ಕಂಕಿಯ ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ: 1973-11-01. ಹೀಗೆ ಬರೆಯುವುದರಿಂದ ಇನ್ನೊಂದು ಲಾಭವೂ ಇದೆ. ಕಡತಗಳ ಹೆಸರಿನಲ್ಲಿ ತಾರೀಖನ್ನು ಈ ರೀತಿ ಬರೆದು ಅಕಾರಾದಿಯಾಗಿ ಜೋಡಿಸಿದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಸ್ಟ್ರ್‌ಎಫ್‌ಟೈಮ್ ಬಳಸುವಾಗ ಶೇಕಡಾ ಚಿಹ್ನೆಯ ಮುಂದೆ ದೊಡ್ಡಕ್ಷರದ ‘ವೈ’ ಬರೆದರೆ ನಾಲ್ಕಂಕಿಯ ವರ್ಷ ಬರುತ್ತದೆ, ಸಣ್ಣಕ್ಷರದ ‘ವೈ’ ಬರೆದರೆ ಎರಡಂಕಿಯದು. ಜಗತ್ತನ್ನೇ ಕಾಡಿದ ಸಮಸ್ಯೆಯೂ ಅದರ ಪರಿಹಾರವೂ ಈ ಒಂದು ಅಕ್ಷರದ ಅಂತರದಲ್ಲಿವೆ.

ಮುಂದಿರುವ ಗಡಿ

1973ರ ಸೆಕೆಂಡಿನ ಎಣಿಕೆಗೂ ಕೊನೆಯಿದೆ. 32 ಬಿಟ್‌ಗಳಲ್ಲಿ ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋದರೆ ಉಳಿದದ್ದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಆ ಕ್ಷಣ ಬರುವುದು 2038 ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರು ಸೆಕೆಂಡಿನಲ್ಲಿ ಎಣಿಕೆ ಋಣ ಸಂಖ್ಯೆಗೆ ಉರುಳಿ, ತಿದ್ದದೆ ಉಳಿದ ಯಂತ್ರಗಳು 1901ರ ಡಿಸೆಂಬರನ್ನು ತೋರಿಸುತ್ತವೆ.

ಪರಿಹಾರ ಗೊತ್ತಿಲ್ಲವೆಂದಲ್ಲ. ಎಣಿಕೆಗೆ 64 ಬಿಟ್ ಜಾಗ ಕೊಟ್ಟರೆ ಸೆಕೆಂಡುಗಳು ಸುಮಾರು 29,200 ಕೋಟಿ ವರ್ಷ ಸಾಲುತ್ತವೆ. ಇಂದಿನ ಬಹುಪಾಲು ಕಂಪ್ಯೂಟರುಗಳು ಹಾಗೆಯೇ ಎಣಿಸುತ್ತಿವೆ. 32 ಬಿಟ್ ಯಂತ್ರಗಳೂ 2038ನ್ನು ದಾಟುವಂತೆ ಮಾಡುವ ತಿದ್ದುಪಡಿ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಲ್ಲಿ ಸೇರಿತು. ತೊಂದರೆ ಇರುವುದು ಯಾರೂ ತೆರೆದು ನೋಡದ ಕಡೆ: ಕಾರ್ಖಾನೆಯ ಯಂತ್ರದೊಳಗೆ ಹುದುಗಿರುವ ಪುಟ್ಟ ಕಂಪ್ಯೂಟರುಗಳಲ್ಲಿ, ತಾರೀಖಿಗೆ ನಾಲ್ಕೇ ಬೈಟ್ ಮೀಸಲಿಟ್ಟ ಹಳೆಯ ಕಡತಗಳ ವಿನ್ಯಾಸದಲ್ಲಿ. ಇವನ್ನು ಹುಡುಕಿ ತಿದ್ದುವವರು ಇಂದು ಶಾಲಾ ಕಾಲೇಜುಗಳಲ್ಲಿ ಓದುತ್ತಿರುವ ನೀವೇ.

ಈ ಚರಿತ್ರೆಯಿಂದ ನೆನಪಿಡಬೇಕಾದದ್ದು ಇಷ್ಟು. ಯಾವುದೇ ಕಾಲದ ಎಣಿಕೆಗೆ ಅರ್ಥ ಬರಬೇಕಾದರೆ ಮೂರು ಸಂಗತಿಗಳು ಗೊತ್ತಿರಬೇಕು: ಎಲ್ಲಿಂದ ಎಣಿಸಿದ್ದು, ಯಾವ ಮಾನದಲ್ಲಿ ಎಣಿಸಿದ್ದು, ಯಾವ ಊರಿನ ಸಮಯ. ಮೂರರಲ್ಲಿ ಒಂದನ್ನು ಬರೆಯದೆ ಬಿಟ್ಟರೂ ಮುಂದಿನ ತಲೆಮಾರಿನವರು ಊಹೆಯ ಮೇಲೆ ನಡೆಯಬೇಕಾಗುತ್ತದೆ. ರವಿಕೀರ್ತಿ ತನ್ನ ಎಣಿಕೆ ಎಲ್ಲಿಂದ ಆರಂಭವಾಯಿತೆಂಬುದನ್ನು ಎರಡೂ ಬಗೆಯಲ್ಲಿ ಕಲ್ಲಿನ ಮೇಲೆಯೇ ಹೇಳಿಟ್ಟ. ಅದರಿಂದಲೇ ಸುಮಾರು 1,400 ವರ್ಷಗಳ ಬಳಿಕವೂ ನಾವು ಅವನ ತಾರೀಖನ್ನು ಸಂಶಯವಿಲ್ಲದೆ ಓದಬಲ್ಲೆವು. ನಮ್ಮ ಕಡತಗಳನ್ನು ಮುಂದಿನವರು ಹಾಗೆ ಓದಬಲ್ಲರೇ ಎಂಬುದು ಅವುಗಳಲ್ಲಿ ನಾವು ಏನನ್ನು ಬರೆದಿಡುತ್ತೇವೆ ಎಂಬುದನ್ನು ಅವಲಂಬಿಸಿದೆ.

ಮಾಡಿ ನೋಡಿ

1. ನೀವು ಹುಟ್ಟಿದ ದಿನ 1970 ಜನವರಿ 1ರಿಂದ ಎಷ್ಟನೆಯ ದಿನ? 7ರಿಂದ ಭಾಗಿಸಿ ಬಂದ ಶೇಷವನ್ನು ಗುರುವಾರದಿಂದ ಮುಂದಕ್ಕೆ ಎಣಿಸಿ, ಹುಟ್ಟಿದ ವಾರವನ್ನು ಕಂಡುಹಿಡಿಯಿರಿ. ಮನೆಯ ಹಿರಿಯರನ್ನು ಕೇಳಿ ತಾಳೆ ನೋಡಿ.

2. 1947 ಆಗಸ್ಟ್ 15 ಯೂನಿಕ್ಸ್ ಆರಂಭಕ್ಕಿಂತ ಎಷ್ಟು ದಿನ ಹಿಂದೆ? ಅಂದು ಯಾವ ವಾರ? (ಉತ್ತರ: 8175 ದಿನ, ಶುಕ್ರವಾರ.)

3. ಡಾಸ್ ರೀತಿಯ ತಾರೀಖಿನಲ್ಲಿ ಬರೆಯಬಹುದಾದ ಕೊನೆಯ ವರ್ಷ ಯಾವುದು? 1973 ನವೆಂಬರ್ 1ನ್ನು ಆ ರೀತಿಯಲ್ಲಿ ಬರೆಯಲು ಸಾಧ್ಯವೇ? ಕಾರಣ ಕೊಡಿ.